ನೋಟಿನ ಅಧಿಕಾರಕ್ಕೆ ಲಗಾಮು ಹಾಕುವವರು ಯಾರು?

ಚಿಪ್ಪಗಿರಿ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವವರು ಹರಿದಾಸ ವಿಜಯದಾಸರು. 1755ರಲ್ಲಿ ಅವರು ದೇಹ ಬಿಟ್ಟದ್ದು ಇಲ್ಲೇ. ಕಾರ್ತಿಕದಲ್ಲಿ ಅವರ ಆರಾಧನೆ ಮುಗಿದ ಮೇಲೆ ಇದು ಮಳೆಯನ್ನೇ ನಂಬಿದ ಊರು. ಎರೆ ನೆಲದಲ್ಲಿ ಹತ್ತಿ, ಜೋಳ, ಕಡಲೆ, ಮಸಬಿನಲ್ಲಿ ಶೇಂಗಾ. ಬೆಳೆದ ಮಾಲು ಆದೋನಿ ಮಾರುಕಟ್ಟೆಗೆ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಜನ ಗುಂಟೂರಿನ ಕಡೆ ಗುಳೆ ಹೋಗುತ್ತಾರೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಉಳಿದವು ಮೈಸೂರಿಗೆ ಬಂದವು. ಆಲೂರಿನ ಜೊತೆ ಚಿಪ್ಪಗಿರಿಯೂ ಗಡಿಯಾಚೆ ಉಳಿಯಿತು. ಜಿಲ್ಲೆ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು, ರೂಪಾಯಿ ಮಾತ್ರ ಎರಡೂ ಕಡೆ ಒಂದೇ ಆಗಿ ಉಳಿಯಿತು. ಹತ್ತಿಯ ಧಾರಣೆ ಕುಸಿದರೆ ರೈತ ಮಂಡಿಯವರನ್ನು ಕೇಳುತ್ತಾನೆ, ತಹಶೀಲ್ದಾರರ ಕಚೇರಿ ಮುಂದೆ ಧರಣಿ ಕೂರುತ್ತಾನೆ. ಧಾರಣೆ ಹಾಗೇ ಇದ್ದು ರೂಪಾಯಿಯ ಶಕ್ತಿಯೇ ಕುಂದಿದರೆ ಅವನು ಯಾರನ್ನು ಕೇಳಬೇಕು?

ಈ ಪ್ರಶ್ನೆಯನ್ನು ದೆಹಲಿಯ ಮುಖಕ್ಕೆ ನೇರವಾಗಿ ಕೇಳಿದ ಕೆಲವೇ ಜನರಲ್ಲಿ ಮೂವರು ಕನ್ನಡ ಸೀಮೆಯವರು. ಒಬ್ಬರು 1955ರಲ್ಲಿ, ಇನ್ನೊಬ್ಬರು 1957ರಲ್ಲಿ, ಮತ್ತೊಬ್ಬರು 2023ರಲ್ಲಿ. ಮೂವರೂ ಆ ಹೊತ್ತಿಗೆ ಸೋತರು. ಅವರ ವಾದ ಮಾತ್ರ ಇನ್ನೂ ಸೋತಿಲ್ಲ.

ಬೆಳ್ಳಿಕೋತಿನ ಒಂಟಿ ದನಿ

ಬೆಳ್ಳಿಕೋತ್ ರಘುನಾಥ ಶೆಣೈ ಹುಟ್ಟಿದ್ದು 1905ರಲ್ಲಿ, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ, ಇಂದಿನ ಕಾಸರಗೋಡಿನ ಬೆಳ್ಳಿಕೋತಿನಲ್ಲಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. 1931ರಲ್ಲಿ ಅಲ್ಲಿಗೆ ಬಂದು ಉಪನ್ಯಾಸ ನೀಡಿದ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ ಅವರ ವಿಚಾರ ಶೆಣೈ ಮನಸ್ಸಿನಲ್ಲಿ ಬೇರೂರಿತು. ಮುಂದೆ ರಿಸರ್ವ್ ಬ್ಯಾಂಕಿನ ಸಂಶೋಧನಾ ವಿಭಾಗದಲ್ಲಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ದುಡಿದು, ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಕೇಂದ್ರ ಬ್ಯಾಂಕಿನ ಒಳಗನ್ನು ಕಂಡು ಮಾತಾಡಿದವರು ಅವರು.

ಎರಡನೇ ಪಂಚವಾರ್ಷಿಕ ಯೋಜನೆಯ ಕರಡನ್ನು ಪರಿಶೀಲಿಸಲು ಸರ್ಕಾರ ಅರ್ಥಶಾಸ್ತ್ರಜ್ಞರ ಮಂಡಳಿ ಮಾಡಿತು. ಅದರಲ್ಲಿ ಡಿ.ಆರ್. ಗಾಡ್ಗೀಳ್, ಮುಂದೆ ಬೆಂಗಳೂರಿನಲ್ಲಿ ಐಸೆಕ್ ಸಂಶೋಧನಾ ಸಂಸ್ಥೆ ಕಟ್ಟಿದ ವಿ.ಕೆ.ಆರ್.ವಿ. ರಾವ್ ಮುಂತಾದ ಘಟಾನುಘಟಿಗಳಿದ್ದರು. 1955ರಲ್ಲಿ ಆ ಮಂಡಳಿಯ ವರದಿಗೆ ಭಿನ್ನಮತದ ಟಿಪ್ಪಣಿ ಬರೆದವರು ಶೆಣೈ ಒಬ್ಬರೇ.

ಅವರ ವಾದ ಸರಳ. ದೇಶದ ಜನ ಉಳಿಸಿದ ಹಣ ಎಷ್ಟಿದೆಯೋ ಅಷ್ಟರಲ್ಲೇ ಯೋಜನೆ ನಡೆಯಬೇಕು. ಅದಕ್ಕೂ ಮೀರಿ ಹೊಸ ನೋಟು ಅಚ್ಚುಹಾಕಿ ಖರ್ಚು ಮಾಡಿದರೆ ಬೆಲೆ ಏರುತ್ತದೆ. ಬೆಲೆ ಏರಿದಾಗ ಸರ್ಕಾರ ನಿಯಂತ್ರಣ, ಪರ್ಮಿಟ್, ಲೈಸೆನ್ಸು ತರುತ್ತದೆ. ಅವುಗಳ ಬೆನ್ನಿಗೆ ಲಂಚ ಬರುತ್ತದೆ. ಅಂತಿಮವಾಗಿ ಜಾರಿಯಾದ ಯೋಜನೆಯ ಸರ್ಕಾರಿ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿ ಬರಬೇಕಾದದ್ದು ಕೊರತೆ ಹಣಕಾಸಿನಿಂದ, ಅಂದರೆ ಬಹುಪಾಲು ಹೊಸ ನೋಟಿನಿಂದ. ಎರಡೇ ವರ್ಷದಲ್ಲಿ ವಿದೇಶಿ ವಿನಿಮಯ ಬರಿದಾಯಿತು. 1958ರಲ್ಲಿ ಸಾಲ ಕೊಡುವ ದೇಶಗಳೆಲ್ಲ ಭಾರತಕ್ಕಾಗಿ ಒಂದು ಕೂಟ ಕಟ್ಟಬೇಕಾಯಿತು. 1966ರ ಜೂನ್‌ನಲ್ಲಿ ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿಯಿತು.

ಕಟ್ಟು ಬಿಚ್ಚಿದ ಎರಡು ವರ್ಷ

ಶೆಣೈ ಟಿಪ್ಪಣಿ ಬರೆಯುತ್ತಿದ್ದ ದಿನಗಳಲ್ಲೇ, ಪತ್ರಿಕೆಯ ಮೊದಲ ಪುಟಕ್ಕೆ ಬಾರದ ಎರಡು ಬದಲಾವಣೆಗಳು ನಡೆದವು. ಇಂದಿನ ಕಥೆಯ ಬೇರು ಅಲ್ಲಿದೆ.

ಮೊದಲನೆಯದು 1955ರ ಆರಂಭದ್ದು. ಸರ್ಕಾರದ ನಗದು 50 ಕೋಟಿಗಿಂತ ಕೆಳಗಿಳಿದಾಗಲೆಲ್ಲ ರಿಸರ್ವ್ ಬ್ಯಾಂಕ್ ತಾನಾಗಿಯೇ ‘ಅಡ್‌ಹಾಕ್’ ಖಜಾನೆ ಹುಂಡಿ ಪಡೆದು ಹಣ ತುಂಬಿಸಬೇಕು ಎಂಬ ಒಪ್ಪಂದವಾಯಿತು. ತಾತ್ಕಾಲಿಕವೆಂದು ಶುರುವಾದ ಈ ವ್ಯವಸ್ಥೆ ನಲವತ್ತಕ್ಕೂ ಹೆಚ್ಚು ವರ್ಷ ನಡೆಯಿತು. ಎರಡನೆಯದು 1956ರದು. ಅಲ್ಲಿಯವರೆಗೆ ಚಲಾವಣೆಯ ನೋಟುಗಳ ಶೇ. 40ರಷ್ಟಕ್ಕೆ ಚಿನ್ನ ಅಥವಾ ವಿದೇಶಿ ಆಸ್ತಿಯ ಆಧಾರ ಇರಲೇಬೇಕೆಂಬ ನಿಯಮವಿತ್ತು. ಅದನ್ನು ತೆಗೆದು, ಕನಿಷ್ಠ 515 ಕೋಟಿ ರೂಪಾಯಿಯ ಮೀಸಲು ಇದ್ದರೆ ಸಾಕು ಎಂದು ತಿದ್ದಿದರು. ಮರುವರ್ಷ ಅದೂ 200 ಕೋಟಿಗೆ ಇಳಿಯಿತು. ನೋಟಿನ ಪ್ರಮಾಣಕ್ಕೂ ಮೀಸಲಿಗೂ ಇದ್ದ ಸಂಬಂಧ ಕಡಿದುಹೋಯಿತು.

ಆಗ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಮಂಗಳೂರು ಕಡೆಯ ಬೆನಗಲ್ ಮನೆತನದ ಬೆನಗಲ್ ರಾಮರಾವ್. ಸಂವಿಧಾನ ಸಭೆಯ ಸಲಹೆಗಾರ ಬಿ.ಎನ್. ರಾವ್ ಅವರ ತಮ್ಮ. ಹುಂಡಿಗಳ ಮೇಲಿನ ಸ್ಟ್ಯಾಂಪ್ ಸುಂಕವನ್ನು ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಏರಿಸಿದಾಗ, ಇದು ಬಡ್ಡಿದರದ ಮೇಲೆ ಬ್ಯಾಂಕಿಗಿರುವ ಅಧಿಕಾರವನ್ನು ಹಿಂಬಾಗಿಲಿನಿಂದ ಕಿತ್ತುಕೊಂಡಂತೆ ಎಂದು ರಾಮರಾವ್ ಆಕ್ಷೇಪಿಸಿದರು. ರಿಸರ್ವ್ ಬ್ಯಾಂಕ್ ತಮ್ಮ ಇಲಾಖೆಯ ಒಂದು ಭಾಗ ಎಂಬುದು ಸಚಿವರ ನಿಲುವು. ಪ್ರಧಾನಿ ನೆಹರೂ ಸಚಿವರ ಪರ ನಿಂತರು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟು ಹೊರನಡೆದರು.

ಮೊದಲು ಯಾರ ಕೈಗೆ, ಕೊನೆಗೆ ಯಾರ ಕೈಗೆ

ಹಣದುಬ್ಬರ ಎಲ್ಲರಿಗೂ ಒಂದೇ ಸಮ ತಟ್ಟುವುದಿಲ್ಲ. ಹದಿನೆಂಟನೇ ಶತಮಾನದಲ್ಲೇ ಅರ್ಥಶಾಸ್ತ್ರಜ್ಞ ರಿಚರ್ಡ್ ಕ್ಯಾಂಟಿಲಾನ್ ಗುರುತಿಸಿದ ಈ ಸತ್ಯ ಹಯೆಕ್ ಪರಂಪರೆಯ ಕೇಂದ್ರ. ಸರ್ಕಾರ ಹೊಸ ಹಣದಲ್ಲಿ ಕಾರ್ಖಾನೆ ಕಟ್ಟಿಸುತ್ತದೆ ಎನ್ನೋಣ. ಹಣ ಮೊದಲು ಮುಟ್ಟುವುದು ಗುತ್ತಿಗೆದಾರನಿಗೆ, ಯಂತ್ರ ಮಾರುವವನಿಗೆ, ಬ್ಯಾಂಕಿನ ಸಾಲ ಸುಲಭವಾಗಿ ಸಿಗುವವನಿಗೆ. ಅವರು ಹಳೆಯ ಬೆಲೆಯಲ್ಲೇ ಕೊಳ್ಳುತ್ತಾರೆ. ಆ ಹಣ ಊರೂರು ಸುತ್ತಿ ಆಲೂರಿನ ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳ ಕೂಲಿಗೆ ಸೇರುವಷ್ಟರಲ್ಲಿ ಅಕ್ಕಿ, ಎಣ್ಣೆ, ಬಟ್ಟೆ ಎಲ್ಲ ದುಬಾರಿಯಾಗಿರುತ್ತದೆ. ಸಂಸತ್ತು ಹೇರದ, ರಸೀದಿ ಕೊಡದ ತೆರಿಗೆ ಇದು. ಬಡವರ ಜೇಬಿನಿಂದ ಉಳ್ಳವರ ಕಡೆಗೆ ಹರಿಯುತ್ತದೆ. ಸಮಾಜವಾದದ ಹೆಸರಿನಲ್ಲಿ ನಡೆಯುತ್ತಿದ್ದದ್ದು ಸಮಾಜವಾದದ ತದ್ವಿರುದ್ಧ ಎಂದು ಶೆಣೈ ಜೀವನವಿಡೀ ಹೇಳಿದರು.

ಚಿಪ್ಪಗಿರಿಯಂಥ ಊರುಗಳಲ್ಲಿ ಜನ ಚಿನ್ನ ಕೊಳ್ಳುವುದು ಬರೀ ಮೋಹದಿಂದಲ್ಲ. ವರ್ಷಕ್ಕೊಮ್ಮೆ ಬರುವ ದುಡ್ಡನ್ನು ಸವಕಳಿಯಿಂದ ಕಾಪಾಡಲು ಅವರಿಗಿದ್ದ ದಾರಿ ಅದೊಂದೇ. 1963ರಲ್ಲಿ ಸರ್ಕಾರ ಅದಕ್ಕೂ ಕೈಹಾಕಿತು. 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡಬಾರದೆಂದಿತು. ಅಕ್ಕಸಾಲಿಗರು ಕೆಲಸ ಕಳೆದುಕೊಂಡು ಬೀದಿಗಿಳಿದರು, ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಕ್ಯಾರೆಟ್ ನಿಯಮ ಸಡಿಲಿದರೂ 1968ರ ಚಿನ್ನ ನಿಯಂತ್ರಣ ಕಾಯ್ದೆ ರದ್ದಾಗಲು 1990 ಬರಬೇಕಾಯಿತು.

ಪ್ರತಿಭಟನೆಯ ಬಾಣ ಯಾರ ಕಡೆಗೆ

ಬೆಲೆ ಏರಿದಾಗ ಜನ ಬೀದಿಗಿಳಿಯುವುದು ನ್ಯಾಯ. ಶೆಣೈ, ಹಯೆಕ್ ಪಂಥದ ಸ್ವಾತಂತ್ರ್ಯವಾದಿಗಳ ತಕರಾರು ಬಾಣದ ಗುರಿಯ ಬಗ್ಗೆ. 1973ರ ಕೊನೆಗೆ ಅಹಮದಾಬಾದಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಸ್ ಬಿಲ್ ಏರಿತೆಂದು ಶುರುವಾದ ಗಲಾಟೆ ನವನಿರ್ಮಾಣ ಚಳವಳಿಯಾಗಿ ಗುಜರಾತಿನ ಸರ್ಕಾರವನ್ನೇ ಉರುಳಿಸಿತು. 1974ರಲ್ಲಿ ದೇಶದ ಹಣದುಬ್ಬರ ಶೇ. 20 ಮೀರಿತ್ತು. ಬಹುಜನರ ಸಿಟ್ಟು ಕಾಳಸಂತೆಯ ವ್ಯಾಪಾರಿಯ ಮೇಲಿತ್ತು. ಬರ ಮತ್ತು ತೈಲಬೆಲೆಯ ಪಾಲೂ ಅದರಲ್ಲಿತ್ತು, ನಿಜ. ಆದರೆ ಗೋದಾಮಿಗೆ ಬೀಗ ಜಡಿದ ಮಾತ್ರಕ್ಕೆ ನೋಟಿನ ಹೊಳೆ ನಿಲ್ಲುವುದಿಲ್ಲ ಎಂಬ ಮಾತನ್ನು ಕೇಳುವವರು ಕಡಿಮೆಯಿದ್ದರು.

ಅಮೆರಿಕದಲ್ಲೂ ಹೀಗೇ ಆಯಿತು. 2008ರಲ್ಲಿ ಕುಸಿದ ಬ್ಯಾಂಕುಗಳನ್ನು ಎತ್ತಿಹಿಡಿಯಲು ಅಲ್ಲಿನ ಸಂಸತ್ತು 70,000 ಕೋಟಿ ಡಾಲರ್ ಒಪ್ಪಿತು. 2011ರಲ್ಲಿ ವಾಲ್ ಸ್ಟ್ರೀಟ್ ಆಕ್ರಮಿಸಿದ ಯುವಕರು ಬ್ಯಾಂಕುಗಳನ್ನು ದೂರಿದರು. ಆ ಬ್ಯಾಂಕುಗಳಿಗೆ ಅಗ್ಗದ ಹಣ ಒದಗಿಸಿದ ಕೇಂದ್ರ ಬ್ಯಾಂಕನ್ನೇ ಮುಚ್ಚಿ ಎಂದರು ಅಲ್ಲಿನ ಸಂಸದ ರಾನ್ ಪಾಲ್‌ರಂಥವರು. ಶೆಣೈ ಮಗಳು ಸುಧಾ ಶೆಣೈ ಕೂಡ ಈ ಪಂಥದ ಅರ್ಥಶಾಸ್ತ್ರಜ್ಞೆ. 1972ರಲ್ಲಿ ಹಣದುಬ್ಬರದ ಕುರಿತ ಹಯೆಕ್ ಬರಹಗಳನ್ನು ಸಂಪಾದಿಸಿ ಪುಸ್ತಕವಾಗಿಸಿದವರು ಅವರೇ.

ಬಾಣ ಸರ್ಕಾರದ ಕಡೆ ತಿರುಗಬೇಕೆಂಬ ಈ ಮಾತಿಗೆ ನಮ್ಮ ರೈತ ಚಳವಳಿಗಳು ಹೊರಗಿನವಲ್ಲ. 1980ರ ಜುಲೈನಲ್ಲಿ ನರಗುಂದ-ನವಲಗುಂದದ ರೈತರು ಎದ್ದದ್ದು ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ, ಅಂದರೆ ಸರ್ಕಾರದ ಕೈಯ ವಿರುದ್ಧ. ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಮಹಾರಾಷ್ಟ್ರದಲ್ಲಿ ಶರದ್ ಜೋಶಿ, ಸಬ್ಸಿಡಿಯ ಭಿಕ್ಷೆ ಬೇಡ, ಮಾರುವ ಸ್ವಾತಂತ್ರ್ಯ ಕೊಡಿ ಎಂದು ಸಂಘಟನೆ ಕಟ್ಟಿದರು. 2012ರ ಮಾರ್ಚ್ 5ರಂದು ಕೇಂದ್ರ ಹತ್ತಿ ರಫ್ತನ್ನೇ ನಿಷೇಧಿಸಿ, ಕೂಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಹತ್ತಿಯನ್ನೇ ನೆಚ್ಚಿದ ಸೀಮೆಗೆ ಇಂಥ ಒಂದು ಆದೇಶ ವರ್ಷದ ದುಡಿಮೆಯನ್ನೇ ನುಂಗಬಲ್ಲದು. ಧಾರಣೆಯನ್ನು ತಾನೇ ತುಳಿದು ಬಳಿಕ ಸಾಲಮನ್ನಾ ಘೋಷಿಸುವ ಸರ್ಕಾರವನ್ನು ಉಪಕಾರಿ ಎನ್ನಲಾಗದು.

ಈ ನೆಲ ಮರೆಯಬಾರದ ಇನ್ನೊಂದು ಪಾಠ

ಹಾಗಾದರೆ ಸರ್ಕಾರ ಎಲ್ಲದರಿಂದ ಕೈ ತೆಗೆದುಬಿಡಲಿ ಎನ್ನಬಹುದೇ? ಬಳ್ಳಾರಿ ಸೀಮೆಯಲ್ಲಿ ನಿಂತು ಆ ಮಾತು ಹೇಳಲಾಗದು. 1876-78ರ ಧಾತು-ಈಶ್ವರ ಬರ ಅತಿ ಹೆಚ್ಚು ಕಾಡಿದ ಜಿಲ್ಲೆಗಳಲ್ಲಿ, ಆದೋನಿ-ಆಲೂರುಗಳನ್ನು ಒಳಗೊಂಡಿದ್ದ ಅಂದಿನ ಬಳ್ಳಾರಿಯೂ ಒಂದು. ಮದರಾಸು ಸರ್ಕಾರ ಧಾನ್ಯ ಕೊಂಡು ದಾಸ್ತಾನು ಮಾಡಲು ಹೊರಟಾಗ ವೈಸ್‌ರಾಯ್ ಲಿಟ್ಟನ್ ತಡೆದ. ಖಾಸಗಿ ವ್ಯಾಪಾರಕ್ಕೆ ಅಡ್ಡಿಯಾಗಬಾರದೆಂಬುದು ಅವನ ಸಿದ್ಧಾಂತ. ಅವನು ಕಳಿಸಿದ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಹೊಡೆಯುವ ಆಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದ. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದನ್ನು ಗಟ್ಟಿಯಾಗಿ ವಿರೋಧಿಸಿದರು. ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಧಾನ್ಯವಿತ್ತು, ಜನರ ಕೈಯಲ್ಲಿ ಕಾಸಿರಲಿಲ್ಲ. ಲಕ್ಷ ಲಕ್ಷ ಜನ ಸತ್ತರು.

ಇದೇ ನೆಲ ಬೇರೊಂದು ಮಾದರಿಯನ್ನೂ ಕಂಡಿತ್ತು. 1800ರಲ್ಲಿ ಈ ಸೀಮೆಯ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ, ಕಂದಾಯ ರೈತನಿಗೆ ಭಾರವಾಗಿದೆ, ಕಾಲು ಭಾಗ ಇಳಿಸಿ ಎಂದು 1807ರಲ್ಲಿ ಶಿಫಾರಸು ಮಾಡಿದ. ಮುಂದೆ ತಾನೇ ಗವರ್ನರ್ ಆದ ಮೇಲೆ ಅದನ್ನು ಜಾರಿಗೆ ತಂದ. 1827ರಲ್ಲಿ ಅವನು ಕಾಲರಾಕ್ಕೆ ತುತ್ತಾದದ್ದು ಇಲ್ಲೇ ಪಕ್ಕದ ಪತ್ತಿಕೊಂಡದಲ್ಲಿ. ಕಂಪನಿ ಸರ್ಕಾರ ವಸೂಲಿಯ ಸರ್ಕಾರವೇ. ಆದರೂ ಕೈ ಬಿಗಿಹಿಡಿಯಬೇಕಾದ ಜಾಗ ತೆರಿಗೆ, ಕೈ ಚಾಚಬೇಕಾದ ಜಾಗ ಹಸಿವು ಎಂಬ ವಿವೇಕ ಮನ್ರೋ ಮತ್ತು ಲಿಟ್ಟನ್ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಿಗುತ್ತದೆ. ನಾನು ಶೆಣೈ ಪರ ನಿಲ್ಲುವುದು ಈ ಮಿತಿಯೊಳಗೆ: ಪಡಿತರ ಬೇಕು, ಬರದ ಕಾಮಗಾರಿ ಬೇಕು, ಅದರ ಖರ್ಚು ಸಂಸತ್ತು ಮತ್ತು ಶಾಸನಸಭೆ ಒಪ್ಪಿದ ತೆರಿಗೆಯಿಂದ ಬರಬೇಕು, ಗುಟ್ಟಾಗಿ ಅಚ್ಚಾದ ನೋಟಿನಿಂದಲ್ಲ.

ಲಗಾಮು ಇನ್ನೂ ಸಡಿಲ

ತಡವಾಗಿಯಾದರೂ ಕೆಲವು ಕಟ್ಟುಗಳು ಮರಳಿ ಬಂದವು. ಅಡ್‌ಹಾಕ್ ಹುಂಡಿ 1997ರಲ್ಲಿ ನಿಂತಿತು. ಸರ್ಕಾರದ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕ್ ನೇರವಾಗಿ ಕೊಳ್ಳುವುದಕ್ಕೆ 2006ರಿಂದ ತಡೆ ಬಿತ್ತು. 2016ರಲ್ಲಿ ಹಣದುಬ್ಬರ ಶೇ. 4ರ ಸುತ್ತ, 2ಕ್ಕಿಂತ ಇಳಿಯದೆ 6 ಮೀರದೆ ಇರಬೇಕೆಂಬ ಗುರಿ ಕಾನೂನಿನ ಆಧಾರ ಪಡೆಯಿತು.

ಅದೇ ವರ್ಷ ನವೆಂಬರ್ 8ರ ರಾತ್ರಿ, ಹತ್ತಿ ಬಿಡಿಸುವ ದಿನಗಳಲ್ಲಿ, ಚಲಾವಣೆಯ ಮೌಲ್ಯದ ಶೇ. 86ರಷ್ಟು ನೋಟು ರದ್ದಾಯಿತು. ಕೂಲಿ, ಬೀಜ, ಬಾಡಿಗೆ ಎಲ್ಲ ನಗದಿನಲ್ಲೇ ನಡೆಯುವ ಹಳ್ಳಿಗಳು ಕಂಗಾಲಾದವು. ರದ್ದಾದ ನೋಟಿನಲ್ಲಿ ಶೇ. 99ಕ್ಕೂ ಹೆಚ್ಚು ಬ್ಯಾಂಕಿಗೆ ಮರಳಿತೆಂದು ರಿಸರ್ವ್ ಬ್ಯಾಂಕೇ ವರದಿ ಮಾಡಿತು. 2023ರ ಜನವರಿ 2ರಂದು ಸುಪ್ರೀಂ ಕೋರ್ಟ್ ಈ ಕ್ರಮವನ್ನು 4-1ರಿಂದ ಎತ್ತಿಹಿಡಿಯಿತು. ಭಿನ್ನ ತೀರ್ಪು ಬರೆದವರು ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಉದ್ದೇಶ ಒಳ್ಳೆಯದಿರಬಹುದು, ಆದರೆ ಪ್ರಸ್ತಾವ ಬಂದದ್ದು ಸರ್ಕಾರದಿಂದ; ರಿಸರ್ವ್ ಬ್ಯಾಂಕ್ ಸ್ವತಂತ್ರವಾಗಿ ಆಲೋಚಿಸಲಿಲ್ಲ; ಇಷ್ಟು ದೊಡ್ಡ ನಿರ್ಧಾರ ಅಧಿಸೂಚನೆಯಿಂದಲ್ಲ, ಸಂಸತ್ತಿನ ಕಾನೂನಿನಿಂದ ಆಗಬೇಕಿತ್ತು ಎಂಬುದು ಅವರ ನಿಲುವು. ರಾಮರಾವ್ ರಾಜೀನಾಮೆ ಕೊಟ್ಟದ್ದೂ ರಿಸರ್ವ್ ಬ್ಯಾಂಕಿನ ಸ್ವಾತಂತ್ರ್ಯವೆಂಬ ಇದೇ ತತ್ವಕ್ಕೆ.

2022ರಲ್ಲಿ ಹಣದುಬ್ಬರ ಸತತ ಮೂರು ತ್ರೈಮಾಸಿಕ ಶೇ. 6 ಮೀರಿದಾಗ, ಕಾರಣ ವಿವರಿಸಿ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಪತ್ರ ಬರೆಯಬೇಕಾಯಿತು. ಕಾನೂನು ಕೇಳಿದ್ದ ಪತ್ರ ಅದು. ಬೆಲೆ ತೆತ್ತ ಜನರ ಮುಂದೆ ಅದನ್ನು ಇಡಲಿಲ್ಲ. ಪ್ರಕಟಿಸಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ಸರ್ಕಾರ ಹೇಳಿತು. ಆ ಅವಕಾಶವನ್ನು ಸಂಸತ್ತು ಮಾಡಿಕೊಡಬೇಕು. ರೈತ ಸಂಘಗಳು, ಕೂಲಿಕಾರರ ಸಂಘಗಳು ತಮ್ಮ ಬೇಡಿಕೆ ಪಟ್ಟಿಯಲ್ಲಿ ಬೆಂಬಲ ಬೆಲೆಯ ಪಕ್ಕದಲ್ಲೇ ಇದನ್ನೂ ಬರೆಯಬೇಕು: ರೂಪಾಯಿ ಏಕೆ ಸವೆಯಿತು ಎಂಬ ಉತ್ತರ ನಮಗೂ ಬೇಕು, ನಮ್ಮ ಭಾಷೆಯಲ್ಲಿ ಬೇಕು.