ಹಬ್ಬದ ಮಾರನೆಯ ದಿನ ಹಲಸೂರು

2025ರ ಅಕ್ಟೋಬರ್ 3ರ ಶುಕ್ರವಾರ ಬೆಳಿಗ್ಗೆ ಆರೂವರೆಗೆ ಹಲಸೂರು ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದಾಗ ಮೊದಲು ಎದುರಾದದ್ದು ಬಾಳೆಕಂದು. ಬುಧವಾರ ಆಯುಧಪೂಜೆ, ಗುರುವಾರ ವಿಜಯದಶಮಿ. ಎರಡು ದಿನದ ರಜೆ ಮುಗಿದಿದ್ದರೂ ಅಂಗಡಿಗಳು ಇನ್ನೂ ಕಣ್ಣು ತೆರೆದಿರಲಿಲ್ಲ. ಮುಚ್ಚಿದ ಷಟರಿನ ಎರಡೂ ಬದಿಗೆ ಸುತಲಿ ದಾರದಲ್ಲಿ ಕಟ್ಟಿದ ಕಂದುಗಳು ಸೊಂಟ ಮುರಿದವರಂತೆ ಬಾಗಿ ನಿಂತಿದ್ದವು. ಕೆಲವರು ಆಗಲೇ ಬಿಚ್ಚಿ ಚರಂಡಿಯ ಚಪ್ಪಡಿ ಮೇಲೆ ಎಸೆದಿದ್ದರು. ಗ್ಯಾರೇಜೊಂದರ ಮುಂದೆ ಒಡೆದ ಬೂದುಗುಂಬಳ, ಕುಂಕುಮದ ನೀರು, ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾದ ನಿಂಬೆಹಣ್ಣು, ಕಡ್ಲೆಪುರಿ. ಹಾಲಿನ ಕ್ಯಾನು ಹೇರಿಕೊಂಡು ಬಂದ ಟಿವಿಎಸ್ಸಿನವನು ಆ ಕೆಂಪು ಲೋಳೆ ಕಂಡು ಕಾಲು ಕೆಳಗೆ ಬಿಟ್ಟುಕೊಂಡೇ ದಾಟಿದ. ನಡುರಸ್ತೆಯಲ್ಲಿ ಕುಂಬಳ ಒಡೆಯಬೇಡಿ ಎಂದು ಸಂಚಾರ ಪೊಲೀಸರು ವರ್ಷ ವರ್ಷವೂ ಕೇಳಿಕೊಳ್ಳುತ್ತಾರೆ. ವರ್ಷ ವರ್ಷವೂ ಒಡೆಯುತ್ತೇವೆ.

ನಾನು ಬಂದದ್ದು ದಸರೆಯಿಂದ ರಾಜ್ಯೋತ್ಸವದವರೆಗೆ ಈ ವಾರ್ಡಿನಲ್ಲಿ ಏನೇನು ನಡೆಯುತ್ತದೆ ಎಂದು ನೋಡಿಕೊಂಡು ಹೋಗಲು. ಸೋಮೇಶ್ವರ ದೇವಸ್ಥಾನ, ಕೆರೆ, ಬಜಾರ್ ಬೀದಿ, ಮರ್ಫಿ ಟೌನ್ ಎಂದು ಪಟ್ಟಿ ಮಾಡಿಕೊಂಡಿದ್ದೆ. ಪಟ್ಟಿಯಲ್ಲಿ ಇಲ್ಲದ ಒಬ್ಬ ಪೌರಕಾರ್ಮಿಕ ಮಹಿಳೆಯ ಹಿಂದೆಯೇ ಅರ್ಧ ದಿನ ಕಳೆದುಹೋಯಿತು.

ದೇವಸ್ಥಾನದ ಹತ್ತಿರದ ತಿರುವಿನಲ್ಲಿ ಆಕೆ ಕುಂಬಳದ ಚೂರುಗಳನ್ನು ಪೊರಕೆಯಿಂದ ಎಳೆಯುತ್ತಿದ್ದರು. ಥಟ್ಟನೆ ಬಗ್ಗಿ ಏನನ್ನೋ ಎತ್ತಿಕೊಂಡರು. ಕುಂಕುಮ ಮೆತ್ತಿ ರಕ್ತದ ಬಣ್ಣಕ್ಕೆ ತಿರುಗಿದ ಎರಡು ರೂಪಾಯಿ ನಾಣ್ಯ. ಕುಂಬಳದೊಳಗೆ ಚಿಲ್ಲರೆ ಹಾಕಿ ಒಡೆಯುವುದು ರೂಢಿ. ಒಡೆದ ಕೂಡಲೇ ಹುಡುಗರು ಮುಗಿಬೀಳುತ್ತಾರೆ, ಅವರ ಕೈಗೆ ಸಿಗದ್ದು ಸಿಪ್ಪೆಯೊಳಗೆ ಉಳಿಯುತ್ತದೆ. ನಾಣ್ಯವನ್ನು ಸಮವಸ್ತ್ರದ ಕೋಟಿಗೆ ಒರೆಸಿ ಸೊಂಟದ ಚೀಲಕ್ಕೆ ಹಾಕಿಕೊಂಡು, ನಾನು ನೋಡುತ್ತಿದ್ದುದನ್ನು ಕಂಡು ನಕ್ಕರು. "ಇದು ನಮ್ಮ ಬೋನಸ್ಸು ಸಾರ್. ನಿನ್ನೆಯಿಂದ ಇಪ್ಪತ್ತಾರು ರೂಪಾಯಿ ಆಯ್ತು."

ಹೆಸರು ಬರೆಯಬೇಡಿ ಎಂದು ಮೊದಲೇ ಕರಾರು ಹಾಕಿದರು. ಆಮೇಲೆ ಬಾಯಿ ನಿಲ್ಲಲಿಲ್ಲ. ಅತ್ತೆ ಅನಂತಪುರದ ಕಡೆಯಿಂದ ಬಂದು ಇದೇ ಬೀದಿಗಳಲ್ಲಿ ಗುಡಿಸಿದವರು. ಅವರ ಪೊರಕೆ ಸೊಸೆಗೆ ಬಂದಿದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಬಜಾರ್ ಬೀದಿಯ ಗಿರವಿ ಅಂಗಡಿಯವರ ಹತ್ತಿರ ಹಿಂದಿ, ಹೂವಿನವರ ಹತ್ತಿರ ತಮಿಳು. 2025ರ ಮೇ 1ರಂದು ನಗರದ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕದ ಆದೇಶ ಪತ್ರ ಸಿಕ್ಕಿತಲ್ಲ, ಅವರಲ್ಲಿ ತಾನೂ ಒಬ್ಬಳು ಎಂದರು. "ಕಂಟ್ರಾಕ್ಟಲ್ಲಿ ಇದ್ದಾಗ ಸಂಬಳ ಯಾವತ್ತು ಬರುತ್ತೆ ಅಂತ ಕೇಳಿದರೆ ಮೇಸ್ತ್ರಿ ಕಿಸಕ್ಕಂತ ನಗೋನು. ಈಗ ನಾವೂ ಗೌರ್ಮೆಂಟು. ಕಸ ಮಾತ್ರ ಹಳೇದೇ."

ಹಲಸೂರಿನ ಹಬ್ಬಗಳ ಪಂಚಾಂಗ ನನಗೆ ಸಿಕ್ಕಿದ್ದು ಆಕೆಯ ತಳ್ಳುಗಾಡಿಯಲ್ಲಿ. ಗೌರಿ ಗಣೇಶನಿಗೆ ಎಕ್ಕದ ಹಾರ, ಗರಿಕೆ, ಬಾಗಿನದ ಮೊರ. ಮೊರ ಚೆನ್ನಾಗಿದ್ದರೆ ಯಾರಾದರೂ ಕೇಳಿ ತೆಗೆದುಕೊಂಡು ಹೋಗುತ್ತಾರೆ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಮೇರಿಯಮ್ಮನ ಹಬ್ಬ. ಆ ವಾರ ಅತ್ತ ಕಡೆಗೆ ಕೆಲಸಕ್ಕೆ ಕಳಿಸಿದರೆ ಮೇಣ, ಹೂವು, ಊಟದ ತಟ್ಟೆ. ಮೇಣ ರಸ್ತೆಗೆ ಬಿದ್ದರೆ ಪೊರಕೆಗೆ ಬಾರದು, ಕೆರೆದು ತೆಗೆಯಬೇಕು. ದಸರೆಗೆ ಬಾಳೆ, ಕುಂಬಳ. ದೀಪಾವಳಿಗೆ ಪಟಾಕಿ ಕಾಗದ. "ಒಣಗಿದ್ದರೆ ಗಾಳಿಗೆ ಹಾರುತ್ತೆ, ಒದ್ದೆಯಾದರೆ ಟಾರಿಗೇ ಅಂಟುತ್ತೆ. ಎರಡರಲ್ಲೂ ನಮಗೆ ಲಾಸು." ರಾಜ್ಯೋತ್ಸವಕ್ಕೆ ಹಳದಿ ಕೆಂಪು ಬಂಟಿಂಗು. ಅದನ್ನು ಮಾತ್ರ ಕಾಲಡಿಗೆ ಬೀಳದ ಹಾಗೆ ಬೇರೆ ಚೀಲಕ್ಕೆ ತುಂಬಿಸುತ್ತಾರಂತೆ. "ಬಾವುಟದ ಬಣ್ಣ ಅಲ್ವಾ ಸಾರ್." 2025ರಲ್ಲಿ ಅದರ ಮರುದಿನವೇ ತುಳಸಿ ಹಬ್ಬ, ನೆಲ್ಲಿಕೊಂಬೆ, ಕಬ್ಬಿನ ಜಲ್ಲೆ.

ಇಷ್ಟರಲ್ಲಿ ಯಾವುದು ಕಷ್ಟ ಎಂದು ಕೇಳಿದೆ. ಯೋಚಿಸದೆ ಬಾಳೆ ಎಂದರು. ಬಿದ್ದಿದ್ದ ಒಂದು ಕಂದನ್ನು ಎತ್ತಿ ನೋಡಿ ಎಂದು ನನ್ನ ಕೈಗೆ ಕೊಟ್ಟರು. ನನ್ನ ತೋಳಿನಷ್ಟೇ ದಪ್ಪ, ಆರು ಅಡಿ ಉದ್ದ. ಎದೆಯ ಮಟ್ಟಕ್ಕೆ ಎತ್ತುವಷ್ಟರಲ್ಲಿ ಸಾಕಾಯಿತು. ಬಾಳೆದಿಂಡಿನ ಬಹುಪಾಲು ನೀರೇ. ಕೈಗೆ ಒಗರು ರಸ ಮೆತ್ತಿತು. ಆ ಕಲೆ ಅಂಗಿಯ ತೋಳಿನಿಂದ ಇವತ್ತಿಗೂ ಹೋಗಿಲ್ಲ. ಉದ್ದದ ಕಂದು ತಳ್ಳುಗಾಡಿಗೆ ಅಡ್ಡ ಇಟ್ಟರೆ ಎದುರು ಬರುವ ಸ್ಕೂಟರಿಗೆ ತಾಗುತ್ತದೆ, ನಿಲ್ಲಿಸಿದರೆ ಗಾಡಿಯೇ ಮಗುಚುತ್ತದೆ. ಕಾಂಪ್ಯಾಕ್ಟರಿಗೆ ಇಡಿಯಾಗಿ ಎಸೆದರೆ ನಾರು ಸುತ್ತಿಕೊಳ್ಳುತ್ತದೆ ಎಂದು ಲಾರಿಯವರು ಬೈಯುತ್ತಾರೆ. ಅದಕ್ಕೇ ಆಕೆ ಮನೆಯಿಂದ ಒಂದು ಮಚ್ಚು ತಂದಿದ್ದರು. ಕಂದನ್ನು ಚಪ್ಪಡಿ ಮೇಲೆ ಮಲಗಿಸಿ, ಸೀರೆ ಮೇಲೆತ್ತಿಕೊಂಡು, ಮೂರು ಏಟಿಗೆ ಮೂರು ತುಂಡು. ಒಳಗಿನ ಬಿಳಿ ದಿಂಡನ್ನು ಮಾತ್ರ ಸುಲಿದು ಒಂದು ಕವರಿಗೆ ಹಾಕಿಟ್ಟರು. ಸಂಜೆಗೆ ಪಲ್ಯ.

ಚರಿತ್ರೆಯನ್ನು ಹೇಳದೆ ಹೋದರೆ ತಪ್ಪಾದೀತು. ಹಲಸಿನ ತೋಪಿನಿಂದ ಊರಿಗೆ ಹೆಸರು ಬಂತೆನ್ನುತ್ತಾರೆ. ಕೆರೆಯನ್ನು ಕಟ್ಟಿಸಿದವರು ಕೆಂಪೇಗೌಡರ ವಂಶದವರು ಎಂಬುದು ಪ್ರತೀತಿ. ಸೋಮೇಶ್ವರನ ಗುಡಿ ಅದಕ್ಕೂ ಹಳೆಯದು ಎನ್ನುತ್ತಾರೆ. 1809ರ ಹೊತ್ತಿಗೆ ಬ್ರಿಟಿಷರ ಸೇನೆ ಇಲ್ಲಿ ಬೀಡುಬಿಟ್ಟು ಊರಿನ ಪಕ್ಕ ಕಂಟೋನ್ಮೆಂಟು ಬೆಳೆಯಿತು, ಹಲಸೂರು ಅವರ ಬಾಯಲ್ಲಿ 'ಅಲ್ಸೂರ್' ಆಯಿತು. 1862ರಲ್ಲಿ ಪೇಟೆಗೊಂದು, ಕಂಟೋನ್ಮೆಂಟಿಗೊಂದು ಎಂದು ಎರಡು ಪುರಸಭೆ. 1949ರಲ್ಲಿ ಎರಡೂ ಸೇರಿ ಒಂದು ನಗರ ಪಾಲಿಕೆ. 2007ರಲ್ಲಿ ಕೆ.ಆರ್. ಪುರ, ಮಹದೇವಪುರಗಳನ್ನೆಲ್ಲ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ. 2011ರ ಅಕ್ಟೋಬರ್ 20ರಂದು ಮೊದಲ ಮೆಟ್ರೊ ಓಡಿದ್ದೂ ಹಲಸೂರಿನ ಮೇಲೆಯೇ.

ಹೊಸ ಸುದ್ದಿ ನಾನು ಹೋದದ್ದರ ಹಿಂದಿನ ತಿಂಗಳದ್ದು. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾಗಿವೆ. ನಾವೆಲ್ಲ ಪೂರ್ವ ಬೆಂಗಳೂರು ಎಂದೇ ಕರೆಯುತ್ತ ಬಂದ ಹಲಸೂರು, ಇಂದಿರಾನಗರಗಳು 'ಕೇಂದ್ರ' ಪಾಲಿಕೆಗೆ ಸೇರಿವೆ. 'ಪೂರ್ವ' ಎಂದರೆ ಇನ್ನು ಕೆ.ಆರ್. ಪುರ ಮತ್ತು ಮಹದೇವಪುರ. ಚಿಕ್ಕಪೇಟೆ, ಚಾಮರಾಜಪೇಟೆಗಳೂ ಕೇಂದ್ರದಲ್ಲೇ ಇರುವುದರಿಂದ ಪೇಟೆ ಮತ್ತು ಕಂಟೋನ್ಮೆಂಟಿನ 1949ರ ಮದುವೆ ಮುರಿದಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದು. ಅದೇ ಸೆಪ್ಟೆಂಬರ್ 30ರಂದು ಐದೂ ಪಾಲಿಕೆಗಳ ವಾರ್ಡುಗಳ ಕರಡು ಬಂತು. ಇದ್ದ 198 ವಾರ್ಡು ಆ ಕರಡಿನಲ್ಲಿ 368 ಆಗಿದ್ದವು, ಕೇಂದ್ರದ ಪಾಲು 63. ಹಲಸೂರಿನವರಿಗೆ ಬಾಯಿಪಾಠವಾಗಿದ್ದ 90ನೇ ವಾರ್ಡು ಎಂಬ ಸಂಖ್ಯೆ ಇನ್ನು ಹಳೆಯ ಬೋರ್ಡುಗಳಲ್ಲಿ ಮಾತ್ರ.

ಸಂಖ್ಯೆ ಹೋದರೆ ಹೋಗಲಿ. ಕೇಳಲು ಒಬ್ಬ ಕಾರ್ಪೊರೇಟರ್ ಇಲ್ಲ ಎಂಬುದು ಟೀ ಅಂಗಡಿಯ ಮುಂದೆ ಸಿಕ್ಕಿದ ಎಲ್ಲರ ದೂರಾಗಿತ್ತು. ಕಡೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ, ಆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಅಲ್ಲಿಂದ ಐದು ವರ್ಷ ಅಧಿಕಾರಿಗಳದೇ ಆಡಳಿತ. "ಕಾರ್ಪೊರೇಟರ್ ಇದ್ದಾಗ ಕೆಲಸ ಆಗ್ತಿತ್ತು ಅಂತಲ್ಲ," ಎಂದರು ಬನ್ ಅದ್ದಿಕೊಂಡು ತಿನ್ನುತ್ತಿದ್ದ ಹಿರಿಯರೊಬ್ಬರು. "ಬೈಯೋಕೆ ಮನೆ ಬಾಗಿಲು ಗೊತ್ತಿತ್ತು." ಅವರ ಹಿಂದಿನ ಮನೆಯ ಬಾಗಿಲಿಗೆ, ಬೆಂಗಳೂರಿನಲ್ಲಿ ಇನ್ನೇನು ಶುರುವಾಗಲಿದ್ದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯ ಚೀಟಿ ಅಂಟಿಸಿತ್ತು. ಎಣಿಸುವವರು ಬರುತ್ತಾರೆ, ಕೇಳಿಸಿಕೊಳ್ಳುವವರು ಯಾವಾಗಲೋ.

ವಾರ್ಡಿನ ಗೆರೆಯ ಅರ್ಥ ನನಗೆ ಸರಿಯಾಗಿ ಹೊಳೆದದ್ದು ಜೋಗುಪಾಳ್ಯದ ಕಡೆಯ ಒಂದು ಮೂಲೆಯಲ್ಲಿ. ಅಲ್ಲಿ ಬಾಳೆಕಂದು ನನ್ನ ಎದೆಯೆತ್ತರ ಬಿದ್ದಿತ್ತು. ಕೆಳಗಿನವು ಕಪ್ಪಾಗಿ ಹುಳಿ ವಾಸನೆ ಬಿಡುತ್ತಿದ್ದವು, ಮೇಲಿನವಕ್ಕೆ ಒಂದು ಹಸು ಕತ್ತು ಚಾಚಿ ಎಲೆ ಜಗಿಯುತ್ತಿತ್ತು. ಇಲ್ಲಿ ಮಾತ್ರ ಯಾಕೆ ಇಷ್ಟು ಎಂದೆ. ಜೊತೆಗಿದ್ದ ಪೌರಕಾರ್ಮಿಕ ಮಹಿಳೆ ನೆಲ ತೋರಿಸಿದರು. ರಸ್ತೆಯ ಮೇಲೆ ಪೊರಕೆಯ ಗೆರೆ ನೇರಕ್ಕೆ ನಿಂತಿತ್ತು. ಈಚೆಗೆ ಕಡ್ಡಿಯ ಗುರುತು ಸಹ ಕಾಣುವಷ್ಟು ಚೊಕ್ಕಟ, ಆಚೆಗೆ ಹೂವಿನೆಸಳು, ಪ್ಲಾಸ್ಟಿಕ್ ಲೋಟ. "ಅಲ್ಲಿಂದ ನಂದಲ್ಲ. ಅದು ಬೇರೆ ವಾರ್ಡು." ರಾಶಿ ಕೂತಿದ್ದದ್ದು ಸರಿಯಾಗಿ ಗೆರೆಯ ಮೇಲೆ. ಈ ಬದಿಯವರು ಆ ಬದಿಯವರದು ಎನ್ನುತ್ತಾರೆ, ಆ ಬದಿಯವರು ಈ ಬದಿಯವರದು. ಅದು ಗೊತ್ತಿರುವುದರಿಂದಲೇ ಎರಡೂ ಬದಿಯ ಅಂಗಡಿಯವರು ರಾತ್ರಿ ತಂದು ಅಲ್ಲೇ ಸುರಿಯುತ್ತಾರೆ. ಕಸದ ಭಾಷೆಯಲ್ಲಿ ಇದಕ್ಕೆ ಬ್ಲ್ಯಾಕ್ ಸ್ಪಾಟ್ ಎಂದು ಹೆಸರು.

ವಾರ್ಡಿನ ಗಡಿಯನ್ನು ಕಚೇರಿಯಲ್ಲಿ ಕೂತು ಜನಸಂಖ್ಯೆ ಭಾಗಿಸಿ ಎಳೆಯುತ್ತಾರೆ. ಅದು ನಿಜವಾಗಿ ಎಲ್ಲಿ ಹಾದುಹೋಗಿದೆ ಎಂದು ಈ ಊರಿನಲ್ಲಿ ತಪ್ಪದೆ ತೋರಿಸಬಲ್ಲವರು ಪೊರಕೆ ಹಿಡಿದವರು. 198 ಇದ್ದದ್ದು ಕರಡಿನಂತೆ 368 ಆದರೆ ಗೆರೆಗಳು ಹೆಚ್ಚಾಗುತ್ತವೆ, ಗೆರೆ ಹೆಚ್ಚಾದಷ್ಟೂ ಇಂಥ ಮೂಲೆಗಳೂ ಹೆಚ್ಚಾಗುತ್ತವೆ. ಸಣ್ಣ ವಾರ್ಡಾದರೆ ಸದಸ್ಯ ಕೈಗೆ ಸಿಗುತ್ತಾನೆ ಎಂಬುದು ನಿಜ. ಆದರೆ ಮೂಲೆಗಳ ಲೆಕ್ಕವನ್ನು ಕರಡು ಮಾಡಿದವರು ಯಾವ ಪೌರಕಾರ್ಮಿಕರನ್ನಾದರೂ ಕೇಳಿದರೇ? ನಾನು ಆಕೆಯನ್ನು ಕೇಳಿದೆ. ಹೊಸ ವಾರ್ಡು ಬಂದಿರುವುದೇ ಆಕೆಗೆ ಗೊತ್ತಿರಲಿಲ್ಲ. "ಹೌದಾ? ಹಾಗಾದರೆ ಆ ರಾಶಿ ಯಾರಿಗೆ ಬಂತು?" ಎಂದಷ್ಟೇ ಕೇಳಿದರು.

ಕೆರೆಯ ಕಡೆಗೆ ಹೋಗುವಷ್ಟರಲ್ಲಿ ಹನ್ನೊಂದು ಗಂಟೆ. ಹಿಂದಿನ ಸಂಜೆ ಬಂಗಾಳಿಗಳು ದುರ್ಗೆಯನ್ನು ಬಿಟ್ಟ ಕಲ್ಯಾಣಿಯ ಬಳಿ ಮಣ್ಣು ಕರಗಿ ಉಳಿದ ಬಿದಿರಿನ ಚೌಕಟ್ಟು, ಹುಲ್ಲು ಸುತ್ತಿದ ಕೈಗಳು ಒಣಗುತ್ತಿದ್ದವು. ವಿಸರ್ಜನೆಗೆಂದು ಕೆರೆಯ ಮಗ್ಗುಲಿಗೇ ಬೇರೆ ಕಲ್ಯಾಣಿ ಕಟ್ಟಿದ್ದು ಒಳ್ಳೆಯದೇ ಆಯಿತು. 2016ರ ಮಾರ್ಚಿನಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದದ್ದನ್ನು ಕಂಡವರಿಗೆ ಈ ನೀರಿನ ಮೇಲೆ ಈಗಲೂ ಪೂರ್ತಿ ನಂಬಿಕೆ ಬಾರದು. ಆಚೆ ದಡದಲ್ಲಿ ಗುರುದ್ವಾರದ ಬಿಳಿ ಗುಮ್ಮಟ, ಸೇನೆಯವರ ಮರಗಳು. ದೇವಸ್ಥಾನದಲ್ಲಿ ಕಾಮಾಕ್ಷಮ್ಮನ ಅಲಂಕಾರ ನೋಡುವುದು, ಮರ್ಫಿ ಟೌನಿನ ಹಳೆಯ ಮನೆಗಳ ಸಾಲು ನೋಡುವುದು ಇನ್ನೊಂದು ದಿನಕ್ಕೆ ಉಳಿಯಿತು.

ಕರಡು ವಾರ್ಡುಗಳಿಗೆ ಆಕ್ಷೇಪಣೆ ಸಲ್ಲಿಸಲು 2025ರ ಅಕ್ಟೋಬರ್ 15ರವರೆಗೆ ಅವಕಾಶವಿತ್ತು. ಆ ಗಡುವು ಮುಗಿದಿದ್ದರೂ ಹಲಸೂರಿನವರು, ಶಿವಾಜಿನಗರದವರು, ಇಂದಿರಾನಗರದವರು ಒಮ್ಮೆ ನಕ್ಷೆ ತೆರೆದು, ನಿಮ್ಮ ಬೀದಿಯ ಮೂಲೆಯಲ್ಲಿ ಗೆರೆ ಹಾದುಹೋಗಿದೆಯೇ ನೋಡಿ. ದಸರೆಯ ಬೆನ್ನಿಗೇ ನರಕ ಚತುರ್ದಶಿ, ಮತ್ತೆ ಲಕ್ಷ್ಮೀಪೂಜೆ, ಮತ್ತೆ ಬಾಳೆಕಂದು. ಹಬ್ಬ ಮುಗಿದ ಮೇಲೆ ಅದನ್ನು ಎರಡೆರಡು ಅಡಿಗೆ ಕತ್ತರಿಸಿ, ಬೆಳಿಗ್ಗೆ ಬರುವ ಹಸಿಕಸದ ಗಾಡಿಗೆ ಕೈಯಾರೆ ಕೊಡಿ. ಮೂಲೆಗೆ ಹಾಕಬೇಡಿ. ಇದು ನನ್ನ ಮಾತಲ್ಲ, ಮಚ್ಚು ಒರೆಸಿಡುತ್ತ ಆಕೆ ಹೇಳಿಕಳಿಸಿದ್ದು.