ಕುಡಿತದ ಸುಳ್ಳಿನಲ್ಲಿ ಊರಿನ ಪಾಲು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕುಡಿತಕ್ಕೆ ಬಿದ್ದವರ ಬಾಯಲ್ಲಿ ಒಂದು ವಾದ ಮತ್ತೆ ಮತ್ತೆ ಕೇಳಿಬರುತ್ತದೆ: ‘ಅಯ್ಯಪ್ಪನ ಮಾಲೆ ಹಾಕಿದಾಗ 41 ದಿನ ಒಂದು ಹನಿ ಮುಟ್ಟಲಿಲ್ಲ. ಚಟವೇ ಆಗಿದ್ದರೆ ಅದು ಆಗ್ತಿತ್ತಾ?’ ಈ ಮಾತಿನಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ವ್ರತದ ದಿನಗಳಲ್ಲಿ ಆತ ನಿಜಕ್ಕೂ ಮುಟ್ಟಿರುವುದಿಲ್ಲ. ಮಾಲೆ ತೆಗೆದ ವಾರದಲ್ಲಿ ಏನಾಯಿತು ಎಂಬುದನ್ನು ಮಾತ್ರ ಅವನು ಹೇಳುವುದಿಲ್ಲ. ಕೆಲವು ದಿನ ಬಿಟ್ಟಿರುವುದು ಚಟವಿಲ್ಲ ಎನ್ನುವುದಕ್ಕೆ ಪುರಾವೆಯಾಗದು; ಮತ್ತೆ ಕೈಗೆತ್ತಿಕೊಂಡಾಗ ಅಳತೆ ಹಿಡಿತದಲ್ಲಿ ಉಳಿಯುತ್ತದೆಯೇ ಎಂಬುದು ಪರೀಕ್ಷೆ. ನಿಜದ ಒಂದು ತುಂಡು ಹಿಡಿದು ಉಳಿದದ್ದನ್ನು ಮುಚ್ಚುವ ಇಂಥ ಮಾತು ಕೇಳಿ ಕೇಳಿ ಮನೆಯವರು ಕೊಡುವ ತೀರ್ಪು ಒಂದೇ: ಕುಡುಕನ ಮಾತು ನಂಬಬಾರದು. ಆ ತೀರ್ಪಿನ ಹಿಂದೆ ವರ್ಷಗಳ ನೋವಿದೆ, ಅದನ್ನು ತಳ್ಳಿಹಾಕಲಾಗದು. ಆದರೂ ಹೇಳಲೇಬೇಕಾದ ಮಾತೊಂದಿದೆ. ಈ ಸುಳ್ಳು ಅವನೊಬ್ಬನದಲ್ಲ. ಮನೆ, ತೋಟ, ಅಂಗಡಿ, ದೇವಸ್ಥಾನದ ಆಣೆ ಎಲ್ಲವೂ ಸೇರಿ ಅದನ್ನು ಕಟ್ಟಿವೆ. ಅವನ ಪಾಲನ್ನಷ್ಟೇ ತಿದ್ದಲು ಹೊರಟರೆ ಅದು ಮುಗಿಯುವುದಿಲ್ಲ.

ಅಳತೆಯಿಂದಲೇ ನೋಡೋಣ. ‘ದಿನಕ್ಕೆ ಒಂದೇ ಕ್ವಾರ್ಟರ್’ ಎನ್ನುವವನು ಅನೇಕ ಸಲ ಲೆಕ್ಕ ಸರಿಯಾಗಿಯೇ ಹೇಳುತ್ತಾನೆ. ಕ್ವಾರ್ಟರ್ ಎಂದರೆ 180 ಮಿಲಿ. ನಮ್ಮ ಅಂಗಡಿಗಳ ವಿಸ್ಕಿ, ಬ್ರಾಂದಿಯಲ್ಲಿ ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ಶೇ 42.8. ಗುಣಿಸಿದರೆ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ. ಒಂದೇ ಹೊತ್ತಿನಲ್ಲಿ 60 ಗ್ರಾಂ ಅಥವಾ ಹೆಚ್ಚು ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ವಿಪರೀತ ಕುಡಿತವೆಂದು ಗುರುತಿಸುತ್ತದೆ. ಆ ಗಡಿಯನ್ನು ದಿನವೂ ಮುಟ್ಟುವವನಿಗೆ ಅದು ‘ಒಂದೇ’ ಆಗಿ ಕಾಣುವಂತೆ ಮಾಡಿದ್ದು ಅಂಗಡಿಯ ಅಳತೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಇಷ್ಟು ಹಣ ಯಾರ ಜೇಬಿನಿಂದ ಬರಬೇಕು ಎಂಬ ಪ್ರಶ್ನೆ ಸರ್ಕಾರಕ್ಕೂ ಇಷ್ಟವಾಗುವಂಥದ್ದಲ್ಲ.

ಕುಡುಕ ಹುಟ್ಟಾ ಸುಳ್ಳುಗಾರ ಎಂಬ ನಂಬಿಕೆಗೆ ವೈದ್ಯಶಾಸ್ತ್ರದ ಬೆಂಬಲವಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿಯಲ್ಲಿ ಜೂಜಿನ ಚಟಕ್ಕೆ ಸುಳ್ಳು ಹೇಳುವುದೂ ಒಂದು ಲಕ್ಷಣ. ಮದ್ಯದ ಚಟಕ್ಕೆ ಕೊಟ್ಟ 11 ಲಕ್ಷಣಗಳಲ್ಲಿ ಅದಿಲ್ಲ. ಇನ್ನು ಕೆಲವು ‘ಸುಳ್ಳು’ಗಳು ಸುಳ್ಳೇ ಅಲ್ಲ. ವಿಪರೀತ ಕುಡಿದ ರಾತ್ರಿ ಮಿದುಳು ನೆನಪನ್ನು ದಾಖಲಿಸುವುದನ್ನೇ ನಿಲ್ಲಿಸಿಬಿಡಬಹುದು. ‘ನಾನು ಹಾಗೆ ಅಂದೇ ಇಲ್ಲ’ ಎಂದು ಬೆಳಿಗ್ಗೆ ಜಗಳಕ್ಕೆ ನಿಲ್ಲುವವನಿಗೆ ಅಂದದ್ದು ನಿಜಕ್ಕೂ ನೆನಪಿಲ್ಲದಿರಬಹುದು. ವರ್ಷಗಟ್ಟಲೆ ಕುಡಿದು, ಊಟ ಬಿಟ್ಟು, ಥಯಾಮಿನ್ ಎಂಬ ಬಿ1 ಜೀವಸತ್ವ ಬರಿದಾದವರಲ್ಲಿ ಕೊರ್ಸಕಾಫ್ ಎಂಬ ಸ್ಥಿತಿ ಬರಬಹುದು. ಅವರು ನೆನಪಿನ ಖಾಲಿ ಜಾಗವನ್ನು ನಡೆಯದ ಸಂಗತಿಗಳಿಂದ ತುಂಬಿ, ತಾವೇ ನಂಬಿ ಹೇಳುತ್ತಾರೆ. ಅದನ್ನು ಮೋಸ ಎಂದು ಬೈದರೆ ಚಿಕಿತ್ಸೆ ತಡವಾಗುತ್ತದೆ, ಅಷ್ಟೆ.

ಉಳಿದದ್ದು ಗೊತ್ತಿದ್ದೂ ಹೇಳುವ ಸುಳ್ಳು. ಅದು ಹೆಚ್ಚು, ಅದೇ ಹೆಚ್ಚು ನೋಯಿಸುವಂಥದ್ದು. ನಮ್ಮ ಸೀಮೆಯಲ್ಲಿ ಅದು ಬೆಳೆಯುವ ಒಂದು ದಾರಿಯನ್ನು ಹತ್ತಿರದಿಂದ ನೋಡಬೇಕು: ಆಣೆ. ‘ಈ ಸ್ವತ್ತಿಗೆ ದೇವಿಯ ಕಾವಲಿದೆ’ ಎಂದು ಸಿಗಂದೂರು ಚೌಡೇಶ್ವರಿಯ ಹೆಸರಿನ ಫಲಕ ಹಾಕಿ ತೋಟ ಕಾಯುವ ನಾಡಿದು. ದೇವಿಯ ಭಯ ಕಳ್ಳನ ಕೈಯನ್ನು ತಡೆಯುತ್ತದಾದರೆ ಕುಡಿಯುವ ಕೈಯನ್ನೂ ತಡೆದೀತು ಎಂಬ ನಂಬಿಕೆ ಸಹಜವೇ. ಹಾಗೆಂದೇ ಸಿಗಂದೂರಿನ ದೇವಿಯ ಮೇಲೆ, ಧರ್ಮಸ್ಥಳದ ಮಂಜುನಾಥನ ಮೇಲೆ, ಅದಕ್ಕೂ ಮಿಗಿಲಾಗಿ ಮಕ್ಕಳ ತಲೆ ಮುಟ್ಟಿಸಿ ಆಣೆ ಹಾಕಿಸುತ್ತಾರೆ. ಆದರೆ ಕಳ್ಳನಿಗೆ ಕದಿಯದೇ ಮನೆಗೆ ಹೋದರೆ ಮೈ ನಡುಗುವುದಿಲ್ಲ, ಇವನಿಗೆ ನಡುಗುತ್ತದೆ. ಬಿಟ್ಟವರು ಮತ್ತೆ ಜಾರುವುದು ಈ ಕಾಯಿಲೆಯ ಸಾಮಾನ್ಯ ಹಾದಿ. ಆಣೆಯಿಲ್ಲದಿದ್ದರೆ ಆ ಜಾರುವಿಕೆ ಒಂದು ಸೋಲು. ಆಣೆಯಿದ್ದರೆ ಅದು ದೇವರಿಗೆ ಬಗೆದ ದ್ರೋಹ, ಮಗುವಿನ ಜೀವಕ್ಕೆ ತಂದ ಕುತ್ತು. ಅಷ್ಟು ದೊಡ್ಡ ಪಾಪವನ್ನು ‘ನಿನ್ನೆ ಕುಡಿದೆ’ ಎಂದು ಯಾರು ಒಪ್ಪಿಕೊಂಡಾರು? ಮುಚ್ಚಿಡುತ್ತಾನೆ, ಮುಚ್ಚಿಟ್ಟ ಭಯಕ್ಕೆ ಮತ್ತೆ ಕುಡಿಯುತ್ತಾನೆ. ಆಣೆಯಿಂದಲೇ ಬಿಟ್ಟವರು ಇಲ್ಲವೆ ಎಂದು ಕೇಳುವವರಿದ್ದಾರೆ. ಇದ್ದಾರೆ, ಅವರ ನಂಬಿಕೆ ದೊಡ್ಡದು. ಆದರೆ ತಾನಾಗಿ ಹೊತ್ತ ಹರಕೆ ಬೇರೆ, ಹತ್ತು ಜನ ಹಿಡಿದು ಹಾಕಿಸಿದ ಆಣೆ ಬೇರೆ.

ಸುತ್ತಲಿನವರ ಸುಳ್ಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಡಿಕೆ ಕೊನೆಕೊಯ್ಲಿನ ಹೊತ್ತಿನಲ್ಲಿ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟ. ಕೈ ನಡುಕ ನಿಲ್ಲಲು ಬೆಳಿಗ್ಗೆಯೇ ಹಾಕಿಕೊಂಡು ಬಂದವನು ಮರ ಹತ್ತುವಾಗ ತೋಟದವರು ಮುಖ ಆಚೆ ತಿರುಗಿಸುತ್ತಾರೆ. ಕುಡಿತ ಕೂಲಿಯವರದು ಎಂದುಕೊಂಡ ದೊಡ್ಡ ಮನೆಗಳಲ್ಲಿ ಮಗನ ಕುಡಿತಕ್ಕೆ ‘ಗ್ಯಾಸ್ಟ್ರಿಕ್’, ‘ಕಾಮಾಲೆ’ ಎಂಬ ಹೆಸರಿರುತ್ತದೆ. ‘ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಎಂಬ ಜಾಹೀರಾತು ನಂಬಿ ಪುಡಿ ತರಿಸುವವರು ಅನೇಕ. ಒಳಗೆ ಡೈಸಲ್ಫಿರಾಂ ಇದ್ದರೆ, ತಿಳಿಯದೆ ಕುಡಿದವನ ಪ್ರಾಣಕ್ಕೇ ಅಪಾಯ. ಕಾಲು ಮುರಿದು ಆಸ್ಪತ್ರೆ ಸೇರಿದವನ ಕುಡಿತವನ್ನು ಮರ್ಯಾದೆಗಂಜಿ ಮನೆಯವರೇ ಮುಚ್ಚಿಡುತ್ತಾರೆ. ಎರಡು ಮೂರು ದಿನದಲ್ಲಿ ಫಿಟ್ಸ್ ಬರುತ್ತದೆ, ಇಲ್ಲದವರು ಕಾಣಿಸತೊಡಗುತ್ತಾರೆ. ವೈದ್ಯರಿಗೆ ಮೊದಲೇ ತಿಳಿದಿದ್ದರೆ ತಡೆಯಬಹುದಾಗಿದ್ದ ಗಂಡಾಂತರ ಅದು. ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ ಎಂದು ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ 2019ರ ವರದಿ ಹೇಳಿತು. ಉಳಿದ 37 ಜನರೂ ತಾವೇ ಒಲ್ಲೆನೆಂದವರಲ್ಲ.

ನಿಜ ಹೊರಬರುವುದು ಯಾವಾಗ? ಅಮೆರಿಕದ ಲಿಂಡಾ ಮತ್ತು ಮಾರ್ಕ್ ಸೋಬೆಲ್ ದಂಪತಿ ದಶಕಗಳ ಕಾಲ ಈ ಪ್ರಶ್ನೆಯ ಬೆನ್ನು ಹತ್ತಿದರು. ಅಮಲಿನಲ್ಲಿಲ್ಲದಾಗ, ಮಾತು ಹೊರಗೆ ಹೋಗುವುದಿಲ್ಲವೆಂಬ ಭರವಸೆಯಿದ್ದಾಗ, ಹೇಳಿದ್ದಕ್ಕೆ ಶಿಕ್ಷೆಯಿಲ್ಲದಾಗ ಕುಡಿಯುವವರು ಕೊಡುವ ಲೆಕ್ಕ ಬಹುಮಟ್ಟಿಗೆ ನಂಬಲರ್ಹ ಎಂದು ಅವರು ಕಂಡುಕೊಂಡರು. ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರ 1993ರ ಅಧ್ಯಯನದಲ್ಲಿ, ಸಲಹೆಗಾರ ಮೇಲೆ ಬಿದ್ದು ಆರೋಪಿಸಿದಷ್ಟೂ ಆ ವ್ಯಕ್ತಿ ವರ್ಷದ ಮೇಲೆ ಹೆಚ್ಚು ಕುಡಿಯುತ್ತಿದ್ದ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳ ಬಲವೂ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಪಕ್ಕದಲ್ಲಿ ಕುಳಿತವನೂ ಹೆಂಡತಿಯ ಓಲೆ ಅಡ ಇಟ್ಟವನೇ ಆದಾಗ ಸುಳ್ಳಿಗೆ ಕೆಲಸವಿರುವುದಿಲ್ಲ. ಶಿಬಿರ ಮುಗಿದ ಮೇಲೆ ಬಿಟ್ಟವರನ್ನು ಒಟ್ಟು ಸೇರಿಸುವ ನವಜೀವನ ಸಮಿತಿಗಳು ಅದಕ್ಕಿಂತಲೂ ಮುಖ್ಯ.

ಹಾಗಾದರೆ ಹೊಡೆತ ತಿಂದವಳು, ಬಟವಾಡೆಯ ದುಡ್ಡು ಕಳೆದುಕೊಂಡವಳು ಅವನ ಸುಳ್ಳನ್ನು ಕ್ಷಮಿಸುತ್ತ ಕೂರಬೇಕೆ? ಖಂಡಿತ ಇಲ್ಲ. ಇದು ಎಲ್ಲಕ್ಕಿಂತ ತೂಕದ ಆಕ್ಷೇಪ, ಇದನ್ನು ಹಗುರಾಗಿ ಕಂಡ ಯಾವ ಅನುಕಂಪವೂ ನನಗೆ ಬೇಡ. ಅವನ ಮಾತು ನಂಬಲೇಬೇಕೆಂಬ ಹೊರೆ ಅವಳ ಮೇಲಿಲ್ಲ. ಅಡಿಕೆ ಮಾರಿದ ಹಣ ಅವಳ ಖಾತೆಗೆ ಬರಲಿ, ಕೈ ಎತ್ತಿದರೆ ದೂರು ದಾಖಲಾಗಲಿ, ಕುಡಿದು ಬಂದ ರಾತ್ರಿ ಮಾತುಕತೆ ಬೇಡ. ಇವು ಮಿತಿಗಳು, ಇವಕ್ಕೆ ಅವನ ತಪ್ಪೊಪ್ಪಿಗೆ ಬೇಕಾಗಿಲ್ಲ. ಅಪನಂಬಿಕೆಯನ್ನು ಹಣ, ಹಿಂಸೆಯ ವಿಷಯದಲ್ಲಿ ಇಟ್ಟುಕೊಂಡು, ಕಾಯಿಲೆಯ ವಿಷಯದಲ್ಲಿ ಅವನಿಗೆ ನಿಜ ಹೇಳಲು ಒಂದು ಬಾಗಿಲು ತೆರೆದಿಡಬಹುದು. ಅದನ್ನು ತೆರೆದಿಡುವ ಕೆಲಸ ಅವಳೊಬ್ಬಳದಲ್ಲ. ಅಣ್ಣ, ಭಾವ, ಕೆಲಸ ಕೊಡುವ ತೋಟದವರು, ಊರಿನ ಆಶಾ ಕಾರ್ಯಕರ್ತೆ ಎಲ್ಲರದೂ.

ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಒಬ್ಬರು ಅಮಲಿಳಿದ ಹೊತ್ತಿನಲ್ಲಿ ‘ನಿನ್ನೆ ಮತ್ತೆ ಕುಡಿದೆ’ ಎಂದರೆ ಆ ಗಳಿಗೆಯಲ್ಲಿ ಆಣೆಯನ್ನು ನೆನಪಿಸಬೇಡಿ. ಎಷ್ಟು, ಯಾವಾಗಿನಿಂದ, ಬೆಳಿಗ್ಗೆ ಕೈ ನಡುಗುತ್ತದೆಯೇ ಎಂದು ಕೇಳಿ. ನಡುಗುತ್ತದೆ ಎಂದರೆ ಏಕಾಏಕಿ ಬಿಡಿಸಲು ಹೋಗದೆ, ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಜೊತೆಯಲ್ಲಿ ಹೋಗಿ, ವೈದ್ಯರಿಗೆ ಆ ಲೆಕ್ಕವನ್ನು ಇದ್ದ ಹಾಗೆಯೇ ಹೇಳಿ. ಹೋಗುವ ಮೊದಲು ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.