ಚಾಪೆಯ ಮೇಲೆ ಕೂತು ನೋಡುವ ದೊಡ್ಡ ಪರದೆ

ಜಗಳೂರಿನ ಪೇಟೆಬೀದಿಯಲ್ಲಿ ಬೀಜ, ಗೊಬ್ಬರ, ಪಂಪ್‌ಸೆಟ್ಟಿನ ಅಂಗಡಿಗಳನ್ನು ದಾಟಿದರೆ ಟೀವಿ ಅಂಗಡಿ. ಒಳಗೆ ಒಂದಿಡೀ ಗೋಡೆ ಬೆಳಗುತ್ತಿದೆ. ಚಿಕ್ಕದು ದೊಡ್ಡದು ಎಲ್ಲದರಲ್ಲೂ ಒಂದೇ ಚಿತ್ರ: ಕಡಲ ತಳದ ಬಣ್ಣದ ಮೀನು, ಆಮೇಲೆ ಗಿಳಿ, ಆಮೇಲೆ ದೀಪ ಹತ್ತಿದ ನಗರ. 55 ಇಂಚಿನ ಒಂದರ ಮುಂದೆ ತಂದೆ, ತಾಯಿ, ಕಾಲೇಜಿಗೆ ಹೋಗುವ ಮಗ ನಿಂತಿದ್ದರು. ಮೆಕ್ಕೆಜೋಳ ಮಾರಿದ ದುಡ್ಡು ಕೈಯಲ್ಲಿತ್ತು. ನಲವತ್ತು ಸಾವಿರ ದಾಟಬಾರದು ಎಂದು ಮನೆಯಲ್ಲೇ ಮಾತಾಗಿತ್ತು.

"ಎಲ್‌ಇಡಿ ತಗಳ್ಳೋದಾ, ಕ್ಯೂಎಲ್‌ಇಡಿ ತಗಳ್ಳೋದಾ, ನೀವೇ ಹೇಳ್ರಣ್ಣ" ಎಂದು ತಾಯಿ ಕೇಳಿದರು.

"ಕ್ಯೂ ಅಂದ್ರೆ ಬಣ್ಣ ಜಾಸ್ತಿ ಅಮ್ಮಾ" ಎಂದರು ಅಂಗಡಿಯವರು. ಮಾತು ನಿಜ. ಆದರೆ ನಲವತ್ತು ಸಾವಿರ ಕೊಡುವವರಿಗೆ ಅಷ್ಟು ಸಾಲದು.

ಆ ಗೋಡೆಯ ಮೇಲಿದ್ದವು ಹೆಸರು ಏನೇ ಇರಲಿ, ಒಂದೇ ಜಾತಿಯ ಟೀವಿಗಳು. ಮುಂದೆ ಎಲ್‌ಸಿಡಿ ಗಾಜು, ಹಿಂದೆ ಬೆಳಕು. ಹಿಂದಿನ ಬೆಳಕು ಒಂದು ಕಾಲದಲ್ಲಿ ಸಪೂರ ಟ್ಯೂಬ್‌ಲೈಟುಗಳಿಂದ ಬರುತ್ತಿತ್ತು, ಈಗ ಎಲ್‌ಇಡಿ ಪಟ್ಟಿಗಳಿಂದ ಬರುತ್ತದೆ. ಎಲ್‌ಇಡಿ ಟೀವಿ ಎನ್ನುವುದು ಇದಕ್ಕೇ. ಕ್ಯೂಎಲ್‌ಇಡಿಯಲ್ಲಿ ನೀಲಿ ಎಲ್‌ಇಡಿಯ ಮುಂದೆ ಕ್ವಾಂಟಮ್ ಡಾಟ್ ಎಂಬ ಅತಿ ಸಣ್ಣ ಕಣಗಳ ಹಾಳೆಯೊಂದು ಸೇರುತ್ತದೆ. ನೀಲಿ ಬೆಳಕು ಬಿದ್ದಾಗ ಒಂದೊಂದು ಕಣವೂ ತನ್ನ ಗಾತ್ರಕ್ಕೆ ತಕ್ಕಂತೆ ಅಚ್ಚ ಕೆಂಪನ್ನೋ ಹಸಿರನ್ನೋ ಸೂಸುತ್ತದೆ. ಈ ಕಣಗಳ ಕೆಲಸಕ್ಕಾಗಿಯೇ ಮೌಂಗಿ ಬಾವೆಂಡಿ, ಲೂಯಿಸ್ ಬ್ರೂಸ್, ಅಲೆಕ್ಸಿ ಎಕಿಮೋವ್ ಅವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ಹಾಳೆ ಇದ್ದರೆ ಬಣ್ಣ ತುಂಬಿಕೊಂಡು ಕಾಣುತ್ತದೆ. ಕಪ್ಪು ನಿಜವಾಗಿ ಕಪ್ಪಾಗುವುದು, ಪಕ್ಕಕ್ಕೆ ಕೂತವರಿಗೂ ಚಿತ್ರ ಸರಿಯಾಗಿ ಕಾಣುವುದು, ಇವೆರಡೂ ಹಾಳೆಯಿಂದ ಬರುವಂಥವಲ್ಲ.

ಮನೆಯಲ್ಲಿ ಏನು ನೋಡುತ್ತೀರಿ ಎಂದು ಕೇಳಿದೆ. ಮಾಳಿಗೆಯ ಮೇಲೆ ಡಿಡಿ ಫ್ರೀ ಡಿಶ್ ಬುಟ್ಟಿ ಇದೆ ಎಂದರು. ಅಂಗಡಿಯಲ್ಲೂ ಒಂದು ಫ್ರೀ ಡಿಶ್ ಬಾಕ್ಸ್ ಇತ್ತು. ಗಿಳಿಯ ವಿಡಿಯೊ ತೆಗೆದು ಅದರಿಂದ ಚಂದನ ವಾಹಿನಿ ಹಾಕಿಸಿದೆವು. ಮುಖಗಳ ಅಂಚು ಮೆತ್ತಗಾಯಿತು, ಕೆಳಗೆ ಓಡುವ ಅಕ್ಷರಗಳು ಕಲಸಿಕೊಂಡವು. ಮಗ ಹತ್ತಿರ ಹೋಗಿ ನೋಡಿ ಹಿಂದಕ್ಕೆ ಬಂದ. ಲೆಕ್ಕ ಸರಳ. ಸಾಧಾರಣ ಎಸ್‌ಡಿ ಚಾನೆಲ್ಲಿನ ಚಿತ್ರದಲ್ಲಿರುವುದು 720×576, ಅಂದರೆ ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. 4ಕೆ ಪರದೆಯಲ್ಲಿ 83 ಲಕ್ಷ ಚುಕ್ಕಿ. ಒಂದು ಚುಕ್ಕಿಯನ್ನು ಇಪ್ಪತ್ತಾಗಿ ಹಿಗ್ಗಿಸುವ ಕೆಲಸ ಟೀವಿಯೊಳಗಿನ ಚಿಪ್ಪಿನದು. ಅದನ್ನು ಒಂದು ಟೀವಿ ಚೆನ್ನಾಗಿ ಮಾಡುತ್ತದೆ, ಇನ್ನೊಂದು ಕೆಡಿಸುತ್ತದೆ. ಅದೇ ಬೆಲೆಯ ಪಕ್ಕದ ಟೀವಿಗೆ ಅದೇ ಬಾಕ್ಸ್ ಜೋಡಿಸಿದಾಗ ಮುಖಗಳು ಎಷ್ಟೋ ವಾಸಿ ಕಂಡವು. ಅಂಗಡಿಯ ಮೀನು, ಗಿಳಿ ನೋಡಿ ದುಡ್ಡು ಕೊಡಬೇಡಿ ಎಂದು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ನಿಮ್ಮ ಚಾನೆಲ್ ಹಾಕಿಸಿ ನೋಡಿ.

ಹೊನ್ನಾಳಿಗೆ ಬಂದರೆ ನೆಲವೇ ಬೇರೆ. ತುಂಗಭದ್ರೆಯ ದಡ, ಭತ್ತದ ಗದ್ದೆ, ಆಚೀಚೆ ತೋಟ. ಇಲ್ಲಿ ನನಗೆ ಬೇಕಾದದ್ದು ಮಾರುವ ಅಂಗಡಿಗಿಂತ ರಿಪೇರಿ ಅಂಗಡಿ. ಕಿರಿದಾದ ಮಳಿಗೆಯ ಮೇಜಿನ ಮೇಲೆ 43 ಇಂಚಿನ ಟೀವಿಯೊಂದು ಬೋರಲು ಮಲಗಿತ್ತು, ಬೆನ್ನು ಬಿಚ್ಚಿತ್ತು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವ ಮೆಕ್ಯಾನಿಕ್ ಒಳಗಿನ ಎಲ್‌ಇಡಿ ಪಟ್ಟಿಗಳನ್ನು ತೋರಿಸಿದರು. ಸಾಲಿನಲ್ಲಿ ಒಂದು ದೀಪ ಸುಟ್ಟರೆ ಸಾಲಿಗೆ ಸಾಲೇ ಆರುತ್ತದೆ. ಮಾತು ಕೇಳುತ್ತದೆ, ಚಿತ್ರ ಕಾಣುವುದಿಲ್ಲ.

"ಬೆಳಕು ನೂರಕ್ಕೆ ನೂರು ಇಟ್ಟಿರ್ತಾರೆ ಸಾರ್, ಅಂಗಡೀಲಿ ಇಟ್ಟಂಗೇ ಮನೇಲೂ ಇಟ್ಟಿರ್ತಾರೆ. ಅರವತ್ತಕ್ಕೆ ಇಳಿಸಿದ್ರೆ ಪಟ್ಟಿ ಬಾಳಿಕೆ ಬರ್ತೈತೆ."

ಪಟ್ಟಿ ಹೋದರೆ ಬದಲಿಸಬಹುದು, ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ. ಗಾಜು ಒಡೆದರೆ ಹೊಸ ಟೀವಿ ತಂದಷ್ಟೇ ದುಡ್ಡು. ಇವರ ಮಾತಿನಿಂದ ನನಗೆ ಒಂದು ಸಂಗತಿ ಖಚಿತವಾಯಿತು: ಪರದೆಯ ಹಿಂದೆ ಉದ್ದಗಲಕ್ಕೂ ಎಲ್‌ಇಡಿ ಹರಡಿರುವ, ಸ್ವಲ್ಪ ದಪ್ಪನೆಯ ಟೀವಿಯೇ ನಮ್ಮ ಊರುಗಳಿಗೆ ಒಳ್ಳೆಯದು. ಅಂಚಿನಲ್ಲಷ್ಟೇ ದೀಪವಿಟ್ಟು ತೆಳ್ಳಗೆ ಮಾಡಿದವುಗಳಲ್ಲಿ ಶಾಖವೆಲ್ಲ ಒಂದೇ ಅಂಚಿಗೆ ಸೇರುತ್ತದೆ, ಬೆಳಕೂ ಸಮನಾಗಿ ಹರಡುವುದಿಲ್ಲ. ತೆಳುವಾದದ್ದು ನೋಡಲು ಚೆಂದ, ಗೋಡೆಗೆ ಹಾಕಿದ ಮೇಲೆ ದಪ್ಪ ಯಾರ ಕಣ್ಣಿಗೂ ಬೀಳದು.

ಮಳಿಗೆಯ ಮೂಲೆಯಲ್ಲಿ ಪ್ಲಾಸ್ಮಾ ಟೀವಿಯೊಂದು ಗೋಡೆಗೆ ಒರಗಿತ್ತು. ಚಿತ್ರದ ಗುಣದಲ್ಲಿ ಅದರ ಕಾಲಕ್ಕೆ ಅದೇ ಮೇಲು. ಪ್ಯಾನಾಸೋನಿಕ್ 2013ರ ಕೊನೆಗೆ ಅದನ್ನು ತಯಾರಿಸುವುದು ಬಿಟ್ಟಿತು, ಉಳಿದವರೂ ಹಿಂದೆಯೇ ಬಿಟ್ಟರು. ಬಿಡಿಭಾಗ ಸಿಗದೆ ಅದು ಅಲ್ಲೇ ಉಳಿದಿದೆ. ಹತ್ತು ವರ್ಷ ಬಾಳಬೇಕು ಎಂದು ಕೊಳ್ಳುವವರು ತಮ್ಮ ತಾಲ್ಲೂಕಿನಲ್ಲಿ ಬಿಚ್ಚಿ ಕಟ್ಟಬಲ್ಲವರಿರುವ ಟೀವಿಯನ್ನೇ ಕೊಳ್ಳಲಿ. ಬೇಸಿಗೆ ಮಳೆಯ ಸಿಡಿಲಿಗೆ ಎಷ್ಟು ಬೋರ್ಡುಗಳು ಹೋಗುತ್ತವೆ ಎಂದು ಕೇಳಿದಾಗ ಅವರು ಸುಮ್ಮನೆ ಒಂದು ರಟ್ಟಿನ ಪೆಟ್ಟಿಗೆ ತೆರೆದು ತೋರಿಸಿದರು, ತುಂಬಿತ್ತು. ಗುಡುಗಿದ ಕೂಡಲೇ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗಿನ ಜೊತೆಗೆ ಡಿಶ್ ಕೇಬಲ್ಲನ್ನೂ ಬಿಚ್ಚಬೇಕು.

ಅದೇ ಬೀದಿಯ ಮನೆಯೊಂದರಲ್ಲಿ ಟೀವಿ ಹೊಸದು, ಆದರೆ ಸೂರಿನ ಹತ್ತಿರ, ದೇವರ ಪಟಗಳ ಸಾಲಿನಲ್ಲಿತ್ತು. ಅಜ್ಜಿ ಚಾಪೆಯ ಮೇಲೆ ಕೂತು ಕತ್ತೆತ್ತಿ ಧಾರಾವಾಹಿ ನೋಡುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಬಣ್ಣ ಬಿಳಿಚಿತ್ತು. ಎದ್ದು ನಿಂತರೆ ಸರಿಯಾಗಿತ್ತು. ಟೀವಿಯ ತಪ್ಪಲ್ಲ ಅದು. ಎಲ್‌ಸಿಡಿ ಗಾಜಿನಲ್ಲಿ ಮುಖ್ಯವಾಗಿ ಎರಡು ಬಗೆ. ವಿಎ ಎಂಬುದರಲ್ಲಿ ಕಪ್ಪು ಗಾಢ, ಆದರೆ ನೇರ ಎದುರಿನಿಂದ ಸರಿದರೆ, ತೀರ ಕೆಳಗಿಂದ ನೋಡಿದರೆ ಬಣ್ಣ ಇಳಿಯುತ್ತದೆ. ಐಪಿಎಸ್ ಎಂಬುದರಲ್ಲಿ ಯಾವ ಬದಿಯಿಂದಲೂ ಬಣ್ಣ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಕತ್ತಲ ದೃಶ್ಯ ಮಾತ್ರ ಬೂದು ಬೂದು. ರಾತ್ರಿ ದೀಪ ಆರಿಸಿ ಇಬ್ಬರು ಎದುರು ಕೂತು ಸಿನಿಮಾ ನೋಡುವ ಮನೆಗೆ ವಿಎ ಸರಿ. ಹಬ್ಬಕ್ಕೆ ಬಂದ ನೆಂಟರು, ನೆರೆಮನೆಯ ಮಕ್ಕಳು ಹಾಲಿನ ಮೂಲೆ ಮೂಲೆಯಲ್ಲೂ ಕೂರುವ ಮನೆಗೆ ಐಪಿಎಸ್ ವಾಸಿ. ಡಬ್ಬದ ಮೇಲೆ ಇದನ್ನು ಬರೆದಿರುವುದು ಅಪರೂಪ. ಅಂಗಡಿಯಲ್ಲೇ ಪಕ್ಕಕ್ಕೆ ಸರಿದು ನೋಡಿ, ನಾಚದೆ ಕುಕ್ಕರಗಾಲಲ್ಲಿ ಕೂತು ನೋಡಿ.

ನ್ಯಾಮತಿ ಹತ್ತಿರವೇ, ಹೊನ್ನಾಳಿಯಿಂದಲೇ ಬೇರೆಯಾದ ತಾಲ್ಲೂಕು. ಇಲ್ಲಿ ಕೇಳಿದ್ದು ಕರೆಂಟಿನ ಮಾತು. ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದ ಮೇಲೆ ಮನೆ ಮನೆಗೂ ಹಿಂದಿನ ಸರಾಸರಿ ಬಳಕೆಯ ಆಧಾರದ ಉಚಿತ ಯೂನಿಟ್ಟುಗಳ ಮಿತಿಯಿದೆ. ಅದನ್ನು ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. 32 ಇಂಚಿನ ಟೀವಿ 45 ವ್ಯಾಟಿನ ಆಸುಪಾಸು ಎಳೆದರೆ 55 ಇಂಚಿನದು 115ರ ಆಸುಪಾಸು. ದಿನಕ್ಕೆ 6 ಗಂಟೆಯಂತೆ ತಿಂಗಳಿಗೆ ಸುಮಾರು 13 ಯೂನಿಟ್ ಹೆಚ್ಚು. ಹೆದರುವಷ್ಟಲ್ಲ, ಮಿತಿಯ ಅಂಚಿನಲ್ಲಿರುವವರು ಬಿಇಇ ನಕ್ಷತ್ರದ ಚೀಟಿಯಲ್ಲಿ ವರ್ಷದ ಯೂನಿಟ್ ಓದಿಕೊಳ್ಳಲಿ.

ಚನ್ನಗಿರಿಯದು ಅಡಿಕೆಯ ದುಡ್ಡು. ಅಡಿಕೆ ಬೆಳೆಗಾರರ ತುಮ್ಕೋಸ್ ಸಂಘದ ಊರು ಇದು. ರಾಶಿ ಅಡಿಕೆ ಮಾರಿದ ವರ್ಷ ಹೊಸ ಮನೆ, ಹೊಸ ಮನೆಗೆ 65 ಇಂಚು. ಇಲ್ಲಿನ ಅಂಗಡಿಯಲ್ಲಿ ಮಿನಿ ಎಲ್‌ಇಡಿಯೂ ಇತ್ತು, ಓಎಲ್‌ಇಡಿಯೂ ಇತ್ತು. ಮಿನಿ ಎಲ್‌ಇಡಿಯೂ ಎಲ್‌ಸಿಡಿಯೇ, ಆದರೆ ಹಿಂದಿನ ಸಾವಿರಾರು ಪುಟ್ಟ ದೀಪಗಳು ಗುಂಪು ಗುಂಪಾಗಿ ಬೇರೆ ಬೇರೆಯಾಗಿ ಮಂಕಾಗುತ್ತವೆ; ಕತ್ತಲಿರುವ ಕಡೆ ಕತ್ತಲು ಉಳಿಯುತ್ತದೆ. ಓಎಲ್‌ಇಡಿಯಲ್ಲಿ ಹಿಂದಿನ ದೀಪವೇ ಇಲ್ಲ, ಪ್ರತಿ ಚುಕ್ಕಿಯೂ ತಾನೇ ಉರಿದು ತಾನೇ ಆರುತ್ತದೆ. ಅಂಥ ಕಪ್ಪು ಬೇರೆ ಯಾವುದರಲ್ಲೂ ಇಲ್ಲ. ಬೆಲೆ 55 ಇಂಚಿಗೇ ಲಕ್ಷದ ಸುತ್ತಮುತ್ತ.

ದುಡ್ಡಿದ್ದರೂ ಈ ಊರುಗಳ ಹೆಚ್ಚಿನ ಮನೆಗಳಿಗೆ ನಾನು ಓಎಲ್‌ಇಡಿ ಹೇಳುವುದಿಲ್ಲ. ಆ ಚುಕ್ಕಿಗಳು ಸಾವಯವ ವಸ್ತುವಿನವು, ಉರಿದಷ್ಟೂ ಸವೆಯುತ್ತವೆ. ಬೆಳಗಿನಿಂದ ರಾತ್ರಿವರೆಗೆ ಒಂದೇ ಸುದ್ದಿವಾಹಿನಿ ಓಡುವ ಮನೆಯಲ್ಲಿ ಲೋಗೊ, ಕೆಂಪುಪಟ್ಟಿ ಒಂದೇ ಜಾಗದಲ್ಲಿ ಉರಿಯುತ್ತಿರುತ್ತವೆ. ಆ ಭಾಗ ಬೇಗ ಸವೆದು ಗುರುತು ಶಾಶ್ವತವಾಗಿ ನಿಲ್ಲಬಹುದು. ಮುಂಬಾಗಿಲು ತೆರೆದೇ ಇರುವ, ಹಗಲು ಬೆಳಕು ತುಂಬುವ ಹಾಲಿನಲ್ಲಿ ಅದರ ಕಪ್ಪಿನ ಸೊಗಸೂ ಕಾಣದು. ಜಗಳೂರಿನ ಬಿಸಿಲಿಗಂತೂ ಹಿಂದಿನಿಂದ ಜೋರಾಗಿ ಬೆಳಗುವ ಎಲ್‌ಸಿಡಿಯೇ ಬೇಕು.

ಗಾತ್ರ ನಿಶ್ಚಯಿಸುವುದು ಗೋಡೆಯಿಂದ ಚಾಪೆಯವರೆಗಿನ ಅಳತೆ. ಒಳ್ಳೆಯ ಎಚ್‌ಡಿ, 4ಕೆ ಚಿತ್ರಕ್ಕೆ ಪರದೆಯ ಕರ್ಣದ ಒಂದೂವರೆ ಪಟ್ಟು ದೂರ ಸಾಕು: 55 ಇಂಚಿಗೆ 7 ಅಡಿ, 65ಕ್ಕೆ 8. ಎಸ್‌ಡಿ ಚಾನೆಲ್ಲೇ ಹೆಚ್ಚಾದರೆ ಎರಡೂವರೆ ಪಟ್ಟು ಬೇಕು, 55 ಇಂಚಿಗೆ ಹನ್ನೊಂದೂವರೆ ಅಡಿ. ಹತ್ತಡಿ ಹಾಲಿನಲ್ಲಿ ಫ್ರೀ ಡಿಶ್ ನೋಡುವವರು 43ಕ್ಕೆ ನಿಂತರೆ ಚಿತ್ರವೂ ಚೆನ್ನ, ದುಡ್ಡೂ ಉಳಿಯುತ್ತದೆ. ಮನೆಗೆ ಇಂಟರ್‌ನೆಟ್ ಬಂದಿದ್ದು ಕ್ರಿಕೆಟ್, ಸಿನಿಮಾ ಅದರಲ್ಲೇ ನೋಡುವವರಿಗೆ 55 ನಿಜಕ್ಕೂ ಸಂತೋಷ ಕೊಡುತ್ತದೆ. 43ಕ್ಕಿಂತ ಅದರ ವಿಸ್ತಾರ ಒಂದೂವರೆ ಪಟ್ಟಿಗೂ ಮಿಗಿಲು. 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 30 ಸಾವಿರದ ಟೀವಿಗೆ ಅದು 3 ಸಾವಿರದ ಉಳಿತಾಯ.

ಆ 3 ಸಾವಿರವನ್ನು ಹೆಸರಿನ ಮುಂದಿನ ಇನ್ನೊಂದು ಅಕ್ಷರಕ್ಕೆ ಕೊಡುವ ಬದಲು ಧ್ವನಿಗೆ ಕೊಡಿ. ತೆಳುವಾದ ಟೀವಿಗಳ ಸ್ಪೀಕರ್ ಚಿಕ್ಕದು, ಕೆಳಮುಖ. ಫ್ಯಾನಿನ ಸದ್ದಿನಲ್ಲಿ ಸಂಭಾಷಣೆ ಮುಳುಗುತ್ತದೆ, ಕಿವಿ ಮಂದವಾದ ಹಿರಿಯರಿಗೆ ಮಾತೇ ತಿಳಿಯುವುದಿಲ್ಲ. ಎಚ್‌ಡಿಎಂಐನ ಎಆರ್‌ಸಿ ಕಿಂಡಿಗೆ ಸೇರುವ ಸಾಧಾರಣ ಸೌಂಡ್‌ಬಾರ್ ಸಾಕು. ಟೀವಿ ಕೂರಿಸಲು ಬಂದ ಹುಡುಗ ರೂಢಿಯಂತೆ ಗೋಡೆಯ ಮೇಲ್ಭಾಗಕ್ಕೆ ಡ್ರಿಲ್ ಹಿಡಿಯುತ್ತಾನೆ. ಅವನು ಮೊದಲ ತೂತು ಕೊರೆಯುವ ಮುಂಚೆ ಅಜ್ಜಿಯನ್ನು ಅವರ ಜಾಗದಲ್ಲಿ ಕೂರಿಸಿ, ಪರದೆಯ ನಡುಭಾಗ ಅವರ ಕಣ್ಣಿನ ಮಟ್ಟಕ್ಕಿಂತ ಒಂದಡಿಗಿಂತ ಹೆಚ್ಚು ಮೇಲೇರದಂತೆ ಗೋಡೆಗೆ ಗುರುತು ಹಾಕಿಸಿ.